ಕೋಮಲಾಳ ಬಳೆ, ಶಿಲ್ಪಶ್ರೀಯ ಸೀಟು

ಕಂದಾಯ ಇಲಾಖೆಯ ಇನ್‌ಸ್ಪೆಕ್ಟರಮ್ಮ ಬರುವ ಹೊತ್ತಿಗೆ ಉಮಾಮಹೇಶ್ವರಿ ಮನೆಯನ್ನು ಶ್ರೀಮಂತಗೊಳಿಸಿ ಮುಗಿಸಿದ್ದಳು.

ಹುಬ್ಬಳ್ಳಿ ಬಿಟ್ಟು ಚೆನ್ನೈನ ಮೈಲಾಪೂರ್ ಸೇರಿ ಇಪ್ಪತ್ತೆರಡು ವರ್ಷ. ಗಂಡ ಗುರುಬಸಪ್ಪ ಕೋಯಂಬೇಡಿನ ಉಳ್ಳಾಗಡ್ಡಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ತಿಂಗಳಿಗೆ ಮೂವತ್ತು ಸಾವಿರ. ಮಗಳು ಶಿಲ್ಪಶ್ರೀಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಅಡಮಾನವಿಲ್ಲದೆ ಸಾಲ ಕೊಡಲು ಬ್ಯಾಂಕು ಒಪ್ಪಿತ್ತು. ಮನೆಯ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದೆ ಎಂದು ಸರ್ಟಿಫಿಕೇಟು ತಂದರೆ, ಓದುವಷ್ಟು ಕಾಲ ಮತ್ತು ಮೇಲೊಂದು ವರ್ಷ ಬಡ್ಡಿ ಸರ್ಕಾರದ್ದು. ಇದನ್ನು ಮಗಳು ಹೇಳಿದ್ದು ಫೋನ್ ನೋಡುತ್ತ, ಅರ್ಧ ತಮಿಳಿನಲ್ಲಿ. ಅಪ್ಪನ ಕಿವಿಗೆ ಬಿದ್ದದ್ದು ಎರಡೇ ಮಾತು: ಬಡ್ಡಿ ಸರ್ಕಾರದ್ದು, ಮನೆ ನೋಡಲು ಬರುತ್ತಾರೆ.

“ಬಡ್ಡಿ ನಮ್ಮ ತಲಿಮ್ಯಾಲೆ ಬಂತಂದ್ರ ಕಾಲೇಜು ಬ್ಯಾಡ,” ಎಂದು ಗುರುಬಸಪ್ಪ ಮೊದಲೇ ತೀರ್ಪು ಕೊಟ್ಟಿದ್ದ. “ಮನಿ ಯಾಕ ನೋಡ್ತಾರ ಹೇಳು? ತೀರಸೋ ತಾಕತ್ತು ಅದನೋ ಇಲ್ಲೋ ಅಂತ. ನಮ್ಮಪ್ಪಗ ಸಾಲ ಕೊಡೋ ಮುಂದ ಸಾವಕಾರ ಹಂಡೆ ಎಣಿಸಿದ್ದ.”

ಮನೆಯಲ್ಲಿದ್ದದ್ದು ಸಾಲದು ಎಂದು ಬಂಗಾರವನ್ನೂ ಸಾಲ ತಂದದ್ದಾಯಿತು. ಪಕ್ಕದ ಮನೆಯ ಕೋಮಲಾಳ ಬೆಳ್ಳಿ ಲೋಟ, ನಾಲ್ಕು ಬಳೆ. ಕೋಮಲಾ ಕಡ್ಡಿಯಂಥವಳು, ಬಳೆ ಉಮಾಮಹೇಶ್ವರಿಯ ಕೈಗೇರಲು ಸೋಪೇ ಬೇಕಾಯಿತು.

ಇನ್‌ಸ್ಪೆಕ್ಟರಮ್ಮ ಬೆಳ್ಳಿ ಲೋಟವನ್ನು ತಿರುಗಿಸಿ ನೋಡಿ, ತಮಿಳಿನಲ್ಲಿ ಕೇಳಿದಳು: “ಮೂರು ಲಕ್ಷ ಅರವತ್ತು ಸಾವಿರ ಅಂತ ಬರೆದಿದೀರಿ. ಇದೆಲ್ಲಾ ಯಾರದಮ್ಮಾ?”

“ಎಲ್ಲಾ ನಮ್ಮದೇ ಮೇಡಂ!” ಎಂದಳು ಉಮಾಮಹೇಶ್ವರಿ, ಹುಬ್ಬಳ್ಳಿ ಬಾಲದ ತನ್ನ ತಮಿಳಿನಲ್ಲಿ.

ಪೆನ್ನು ಓಡತೊಡಗಿತು. ಅಷ್ಟರಲ್ಲಿ ಝೆರಾಕ್ಸ್ ಹಿಡಿದು ಶಿಲ್ಪಶ್ರೀ ಒಳಗೆ ಬಂದಳು. ಲೋಟ ನೋಡಿದಳು, ಬಳೆ ನೋಡಿದಳು.

“ಅಮ್ಮಾ! ಎನ್ನಮ್ಮಾ ಇದು? ವರಮಾನ ಕಮ್ಮಿ ಇದ್ರೆ ತಾನೇ ಬಡ್ಡಿ ಇಲ್ಲ ಅಂದಿದ್ದೆ! ಮಂಡೇ ಲಾಸ್ಟ್ ಡೇಟ್!”

ಉಮಾಮಹೇಶ್ವರಿ ಪೆನ್ನಿಗೆ ಕೈ ಅಡ್ಡ ಹಿಡಿದಳು. “ಮೇಡಂ, ಬರೀಬ್ಯಾಡ್ರಿ! ಇವು ನಮ್ಮವಲ್ಲ, ಬಾಜೂ ಮನಿಯವು.”

“ನಿಮ್ಮದೇ ಅಂತ ಈಗಷ್ಟೇ ಅಂದ್ರಲ್ಲ? ಹುಡುಗಿ ಬಂದಮೇಲೆ ಬಾಜೂ ಮನೆಯವಾ?”

ಉಮಾಮಹೇಶ್ವರಿ ಬಳೆ ಎಳೆದಳು. ಬರಲಿಲ್ಲ. ಬಚ್ಚಲಿಗೆ ಓಡಿ ಸೋಪು ಹಚ್ಚಿದಳು, ಎಣ್ಣೆ ಸುರಿದಳು. ಗೆಣ್ಣಿನ ಬಳಿ ನಾಲ್ಕೂ ಹಟ ಹಿಡಿದು ಕೂತವು. ಕೈ ಕೆಂಪಾಯಿತು. ಮಗಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಇನ್‌ಸ್ಪೆಕ್ಟರಮ್ಮ ಫೈಲು ಮಡಿಸಿ ಎದ್ದಳು.

ಎದ್ದವಳು ಬಾಗಿಲಿಗೆ ಹೋಗಲಿಲ್ಲ. ಬಚ್ಚಲಿಗೆ ಬಂದು ಆ ಕೈ ಹಿಡಿದು, ತಾನೂ ಒಮ್ಮೆ ಎಳೆದು ನೋಡಿದಳು.

“ಯಾವಾಗ ಹಾಕಿದ್ದು?”

“ಮುಂಜಾನೆ ಎಂಟಕ್ಕ್ರೀ.”

“ಹೂಂ. ಕಾಸು ಕೊಟ್ಟು ಮಾಡಿಸಿಕೊಂಡವರು ಇಷ್ಟು ಬಿಗಿ ಮಾಡಿಸಲ್ಲ.” ಬಚ್ಚಲ ಬಾಗಿಲಲ್ಲೇ ನಿಂತು ಫೈಲು ಬಿಚ್ಚಿ, ಬರೆದದ್ದಕ್ಕೆ ಗೀಟು ಹಾಕಿ, ಮೂರು ಲಕ್ಷ ಅರವತ್ತು ಸಾವಿರ ಎಂದು ಬರೆದಳು.

ಆಕೆ ಅತ್ತ ಹೋಗುತ್ತಲೇ ಮಂಡಿಯಿಂದ ಫೋನು. “ಏನಂದ್ರು? ಮನಿ ನೋಡಿ ಬಡವ್ರು ಅನ್ನಲಿಲ್ಲಲ್ಲ?”

“ಅಂದ್ರರೀ,” ಎಂದಳು ಉಮಾಮಹೇಶ್ವರಿ, ಬಳೆಯ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತ. “ಬರಕೊಂಡೂ ಹೋದ್ರು.”