ಕಟ್ಟಿಹಾಕಿದ ಕಾಲು

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಮಾಡಿದವರು ನಮ್ಮ ಮನೆಗೆ ಬಂದಿರಲಿಲ್ಲ. ನಾನು ಚಳ್ಳಕೆರೆಯಲ್ಲಿ ಪ್ರೈಮರಿ ಶಾಲೆಯ ಟೀಚರು. ಮಾತೇ ನನ್ನ ಅನ್ನ, ಜಗಳವೇ ಅದರ ಉಪ್ಪಿನಕಾಯಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಣ್ಣ ಹಾಗಲ್ಲ. ಮೊಳಕಾಲ್ಮೂರಿನಲ್ಲಿ ಸೋದರಮಾವನ ಮನೆಯ ಮಗ್ಗದಲ್ಲಿ ಇಪ್ಪತ್ತು ವರ್ಷ ರೇಷ್ಮೆ ಸೀರೆ ನೇಯ್ದವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಲಕ್ವ ಹೊಡೆದಾಗ ಆ ಹತ್ತೂ ಹೋದವು.

ಕೈ ಹೋಯಿತು, ಕುತ್ತಿಗೆ ಹೋಯಿತು. ಅವನನ್ನು ಚಳ್ಳಕೆರೆಗೆ ಕರೆತಂದು ಅವ್ವ, ನಾನು ನೋಡಿಕೊಳ್ಳತೊಡಗಿದೆವು. ಕಣ್ಣು ಮಿಟುಕಿಸಿದರೆ ಹೌದು ಎಂದು ನಾನು ಹೇಳಿದರೆ, ಕಣ್ಣು ಎಲ್ಲರೂ ಮಿಟುಕಿಸುತ್ತಾರೆ ಎಂದರು ಡಾಕ್ಟರು. ನೋಡಲು ಬಂದ ನೆಂಟರು ಅವನ ಎದುರೇ ಕೂತು, "ಪಾಪ, ಏನೂ ತಿಳಿಯಲ್ಲ ಅಲ್ವಾ? ಹಿಂಗಿರೋದಕ್ಕಿಂತ..." ಎಂದು ನಿಲ್ಲಿಸುತ್ತಿದ್ದರು. ಕೊಟ್ಟ ಕಾಫಿ ಕಿತ್ತುಕೊಂಡು ಕಳಿಸಬೇಕು ಅನ್ನಿಸುತ್ತಿತ್ತು. ಒಬ್ಬರ ಲೋಟ ನಿಜವಾಗಿಯೂ ಕಿತ್ತುಕೊಂಡಿದ್ದೇನೆ.

ಊರಿನ ಅಂಗವಿಕಲರ ಕೇಂದ್ರದವರು ಅಂಗೈಯಗಲದ ಕೆಂಪು ಗುಂಡಿಯೊಂದನ್ನು ಎರವಲು ಕೊಟ್ಟದ್ದು ಆಗ. ಅದನ್ನು ವೈರಿನಿಂದ ಮೊಬೈಲಿಗೆ ಸಿಕ್ಕಿಸಿ ಸೆಟ್ಟಿಂಗ್ಸ್‌ನಲ್ಲಿ ಸರಿಮಾಡಿದರೆ, ಪರದೆಯ ಮೇಲೆ ಬಣ್ಣದ ಚೌಕವೊಂದು ಅಕ್ಷರಗಳ ಸಾಲುಗಳ ಮೇಲೆ ತಾನೇ ನಡೆಯುತ್ತದೆ. ಬೇಕಾದ ಸಾಲಿಗೆ ಬಂದಾಗ ಒಂದು ಸಲ ಗುಂಡಿ ಒತ್ತಬೇಕು, ಬೇಕಾದ ಅಕ್ಷರಕ್ಕೆ ಬಂದಾಗ ಇನ್ನೊಂದು ಸಲ. ಬರೆದದ್ದನ್ನು ಫೋನೇ ಓದಿ ಹೇಳುತ್ತದೆ. ಮೈಯಲ್ಲಿ ಒಂದೇ ಒಂದು ಜಾಗ ಹೇಳಿದಂತೆ ಕೇಳಿದರೂ ಸಾಕು.

"ಒಂದ್ ತಿಂಗ್ಳು ಟೈಮು ಟೀಚರ್," ಎಂದಳು ಕೇಂದ್ರದಿಂದ ಬಂದ ಹುಡುಗಿ. "ಆಗ್ಲಿಲ್ಲ ಅಂದ್ರೆ ವಾಪಸ್ ತಗೊಂಡ್ಹೋಗ್ತೀವಿ. ಫೈಲಲ್ಲಿ ತಿಳಿವಳಿಕೆ ಇಲ್ಲ ಅಂತ ಬರೀಬೇಕಾಗುತ್ತೆ."

ಇದನ್ನೂ ಅವಳು ಅಣ್ಣನ ಎದುರೇ ಹೇಳಿದಳು. ಹಾಗೆ ಒಂದು ಸಲ ಫೈಲು ಸೇರಿದರೆ ಮುಗಿಯಿತು, ಆಮೇಲೆ ಅವನನ್ನು ಯಾರೂ ಏನೂ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು ಎಂದು ಈಗ ಹೇಳಬಲ್ಲೆ.

ಗುಂಡಿಯನ್ನು ಬಲಗೈ ಬೆರಳುಗಳ ಕೆಳಗಿಟ್ಟೆವು, ಆ ಬೆರಳು ಒಂದಿಷ್ಟು ಅಲುಗುತ್ತಿತ್ತೆಂದು. ಚೌಕ ಸೆಕೆಂಡಿಗೊಂದು ಸಾಲು ದಾಟುತ್ತಿತ್ತು. ನಾನು ಅದನ್ನು ಸಾಲಿಗೆ ಎರಡು, ಮೂರು, ಐದು ಸೆಕೆಂಡಿನಷ್ಟು ನಿಧಾನ ಮಾಡಿದೆ. ಬೆರಳು ಒತ್ತುವಷ್ಟರಲ್ಲಿ ಚೌಕ ಎರಡು ಸಲ ಸುತ್ತಿ ಬಂದಿರುತ್ತಿತ್ತು. ಕೆನ್ನೆಗೆ ಇಟ್ಟೆವು, ಜೊಲ್ಲಿಗೆ ಜಾರಿತು. ಅದರ ಮೇಲೆ ಬಲಗಾಲು ಬೇರೆ. ಗಾಲಿಕುರ್ಚಿಯಲ್ಲಿ ಕೂರಿಸಿ ಫೋನಿನ ಸ್ಟ್ಯಾಂಡನ್ನು ಎದುರಿಗೆ ನಿಲ್ಲಿಸಿದರೆ ಆ ಪಾದ ಒದೆದು ಬೀಳಿಸುತ್ತಿತ್ತು. ನರದ ಸೆಳೆತ ಎಂದಿದ್ದರು ಡಾಕ್ಟರು. ಮೊದಲ ದಿನವೇ ಸ್ಟ್ಯಾಂಡು ಮೂರು ಸಲ ಬಿತ್ತು. ಅವ್ವನ ಹಳೆ ಸೀರೆಯ ಅಂಚು ಹರಿದು ನಾನು ಆ ಕಾಲನ್ನು ಕುರ್ಚಿಗೆ ಕಟ್ಟಿದೆ. ಬಿಗಿಯಾಗಿಯೇ ಕಟ್ಟಿದೆ.

ಗುಂಡಿಯನ್ನು ಆ ಕಾಲಿನ ಕೆಳಗಿಡುವ ಯೋಚನೆ ಬರಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಎರಡನೇ ವಾರ ಒಮ್ಮೆ ಹೊಳೆದಿತ್ತು. ಅವ್ವನಿಗೆ ಹೇಳಿದೆ.

"ಥೂ, ಏನ್ ಮಾತೇ ಅದು? ಅಕ್ಷರಾನ ಕಾಲಾಗೆ ತುಳಿಸ್ತೀಯಾ? ಫೋನ್‌ನಾಗೆ ಮನೆದೇವ್ರು ಗೌರಸಮುದ್ರದಮ್ಮನ ಫೋಟೋ ಬೇರೆ ಐತೆ," ಎಂದಳು.

ಅವ್ವನ ಜೊತೆ ಉಪ್ಪಿಗೂ ಹುಳಿಗೂ ಜಗಳವಾಡುವವಳು ನಾನು. ಅವತ್ತು ಮಾತ್ರ ಬಾಯಿ ಮುಚ್ಚಿಕೊಂಡೆ. ಕಾಲು ತಾಗಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳಿ ಎಂದು ದಿನಾ ಮಕ್ಕಳಿಗೆ ಹೇಳುವವಳಲ್ಲವೇ? ಅಷ್ಟು ವರ್ಷ ಹೇಳಿದ ಮಾತು ನನ್ನನ್ನೇ ಹಿಡಿದುಕೊಂಡಿತು. ಅದರ ಬದಲು ಕೇಂದ್ರಕ್ಕೆ ಫೋನು ಮಾಡಿ ಕೂಗಾಡಿದೆ, ನಿಮ್ಮ ಗುಂಡಿ ಸರಿಯಿಲ್ಲ, ನಿಮಗೆ ಕಲಿಸಲು ಬರುವುದಿಲ್ಲ ಎಂದು. ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರೆ. ನಾನು ಕಂಡವರ ಮೈ ಪರಚಿದೆ.

ತಿಂಗಳು ಮುಗಿಯಲು ಒಂದು ವಾರ ಇರುವಾಗ, ಗುಂಡಿಯ ವಿಷಯ ಫೋನಿನಲ್ಲಿ ಕೇಳಿದ್ದ ಮಾವ ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ಬಂದ. ಚೀಲ ಇಳಿಸುವ ಮೊದಲೇ ಅವನ ಕಣ್ಣು ಕುರ್ಚಿಯ ಕೆಳಗೆ ಹೋಯಿತು.

"ಏಮಕ್ಕಾ ಇದಿ? ಕಾಲ್ಯಾಕೆ ಕಟ್ಟೀರಿ?" ಎಂದ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ.

"ಒದೀತಾನಪ್ಪ. ನರದ ಸೆಳೆತ ಅಂತೆ," ಎಂದಳು ಅವ್ವ.

ಮಾವ ನೆಲದ ಮೇಲೆ ಕೂತು ಗಂಟು ಬಿಚ್ಚಿದ. ಕಾಲಿನ ಮೇಲೆ ಕೆಂಪು ಬರೆ ಬಿದ್ದಿತ್ತು. ಮಾವ ತನ್ನ ಅಂಗೈಯನ್ನು ಆ ಪಾದದ ಕೆಳಗಿಟ್ಟ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪಾದ ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಹಲಗೆ ತುಳಿಯುವವರು ಒತ್ತುವಂತೆ, ಅದೇ ಎಣಿಕೆಯಲ್ಲಿ.

"ಸೆಳೆತ ಅಂತೆ, ಸೆಳೆತ! ಇಪ್ಪತ್ತು ವರ್ಷ ನನ್ನ ಪಕ್ಕದಾಗೆ ತುಳಿದ ಕಾಲಿದು. ನಂಗೆ ಗೊತ್ತಿಲ್ವಾ? ಆ ಗುಂಡಿ ಇಲ್ಲಿಡಮ್ಮ."

"ಬ್ಯಾಡ ಕಣೋ, ಅಕ್ಷರಕ್ಕೆ ಕಾಲು..." ಎಂದು ಅವ್ವ ಶುರುಮಾಡಿದಳು.

ಮಾವ ಎದ್ದು ನಿಂತ. ಅವನು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಅಕ್ಕಾ, ಹೋದ್ಸಲ ಜಾತ್ರೆಯಾಗೆ ಅಮ್ಮನಿಗೆ ಹಸಿರು ಸೀರೆ ಉಡಿಸಿದ್ಯಲ್ಲ, ಯಾರು ನೇಯ್ದಿದ್ದು? ಇವ್ನೇ. ಕೈಯಾಗೊಂದೇ ನೇಯ್ತಾರಾ? ಇದೇ ಕಾಲಾಗೆ ತುಳಿದಿದ್ದು. ಈ ಕಾಲಿನ ಸೀರೆ ದೇವ್ರಿಗೆ ಆಗ್ತೈತೆ, ಈ ಕಾಲಿನ ಮಾತು ನಿನಗೆ ಆಗಲ್ವಾ?"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಪರದೆಯ ಮೇಲಿನ ಫೋಟೋ ತೆಗೆಯಲೆಂದು ನಾನು ಫೋನು ಕೈಗೆತ್ತಿಕೊಂಡೆ. ಅವ್ವ ನನ್ನ ಕೈ ಹಿಡಿದಳು. "ಇರ್ಲಿ ಬಿಡು. ಅಮ್ಮನೂ ನೋಡ್ಲಿ," ಎಂದಳು.

ಮಾವ ಒಂದು ಮರದ ಹಲಗೆಗೆ ಗುಂಡಿಯನ್ನು ಕಟ್ಟಿ, ಹಿಮ್ಮಡಿ ಊರಲು ಜಾಗ ಬಿಟ್ಟು, ಮಗ್ಗದ ಹಲಗೆಯಷ್ಟೇ ಓರೆಯಾಗಿ ಕೂರಿಸಿದ. ನಾನು ಸೆಟ್ಟಿಂಗ್ಸ್‌ನಲ್ಲಿ ಐದು ಸೆಕೆಂಡನ್ನು ಮೂರಕ್ಕೆ ತಂದೆ, ಆಮೇಲೆ ಎರಡಕ್ಕೆ. ಪಾದ ಅದುರಿ ಒಂದೇ ಒತ್ತು ಎರಡಾಗುತ್ತಿತ್ತು. ಬೆನ್ನಿಗೇ ಬಂದ ಎರಡನೇ ಒತ್ತನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡುವ ಆಯ್ಕೆ ಹುಡುಕಿ ಹಾಕಿದೆ. ವಾರವಿಡೀ ಅವನು ಬರೆದದ್ದು ಬಿಡಿ ಅಕ್ಷರ, ಅರ್ಧ ಪದ. ಬರೆಯುತ್ತಿದ್ದ, ಅಳಿಸುತ್ತಿದ್ದ. ನಾವು ಇಣುಕಿದರೆ ನಿಲ್ಲಿಸುತ್ತಿದ್ದ.

ಹುಡುಗಿ ಫೈಲು ಹಿಡಿದು ಬಂದಳು. ಕಿವಿ ಕೇಳದವರಿಗೆ ಹೇಳುವಂತೆ, "ಅಣ್ಣಾ, ನಿಮ್ ಹೆಸ್ರು ಬರೀರಿ!" ಎಂದು ಕೂಗಿದಳು.

ಚೌಕ ಹೊರಟಿತು. ಅಣ್ಣನ ಪಾದ ಒತ್ತಿತು. ಕ ಬಂತು. ದೀರ್ಘ ಸೇರಿ ಕಾ ಆಯಿತು.

"ಇವ್ರ ಹೆಸ್ರು ಹಂಗೆ ಶುರುವಾಗಲ್ವಲ್ಲ," ಎಂದು ಅವಳು ಪೆನ್ನನ್ನು ಕಾಗದಕ್ಕೆ ತಂದಳು.

"ಬರೆದ್ರೆ ನೋಡು!" ಎಂದು ನಾನು ಕಿರುಚಿದೆ. "ಹೆಸ್ರು ನಿನ್ನ ಫೈಲಾಗೇ ಐತಲ್ಲ! ಅವ್ನು ಬೇರೆ ಏನೋ ಹೇಳ್ತಿದಾನೆ. ಒಂದು ಗಳಿಗೆ ಕಾಯಕ್ಕೆ ಏನ್ ರೋಗ ನಿಮಗೆಲ್ಲ?"

ಹುಡುಗಿ ಪೆನ್ನು ಇಳಿಸಿದಳು. ಎಲ್ಲರೂ ಕಾದೆವು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದದ್ದು ವಾಸನೆಯಿಂದ ತಿಳಿಯಿತು, ಅವ್ವ ಏಳಲಿಲ್ಲ. ಕೊನೆಗೆ ಚೌಕ ಮೂಲೆಯಲ್ಲಿದ್ದ ಓದಿ ಹೇಳುವ ಗುರುತಿಗೆ ಹೋದಾಗ ಅವನು ಮತ್ತೊಮ್ಮೆ ಒತ್ತಿದ. ಫೋನಿನೊಳಗಿನ ಹೆಂಗಸಿನ ದನಿ ಓದಿತು:

"ಕಾಲು ಯಾಕೆ ಕಟ್ದೆ."

ಅವ್ವನಿಗೆ ಕಣ್ಣೀರು ಬಂತು. ಹುಡುಗಿಯ ಮುಖ ಅರಳಿತು, ಫೈಲಿನಲ್ಲಿ ದೊಡ್ಡದಾಗಿ ಗುರುತು ಹಾಕಿದಳು, ಗುಂಡಿ ಇಲ್ಲೇ ಇರಲಿ ಎಂದಳು. ಆಮೇಲೆ ಕೇಳಿದಳು, "ಯಾರನ್ನ ಕೇಳ್ತಿದಾರೆ ಟೀಚರ್?"

"ನನ್ನನ್ನ," ಎಂದೆ.

ತಿಂಗಳಿಡೀ ಡಾಕ್ಟರ ಮೇಲೆ, ನೆಂಟರ ಮೇಲೆ, ಕೇಂದ್ರದ ಮೇಲೆ, ಅವ್ವನ ಮೇಲೆ ಹರಿಹಾಯ್ದ ಬಾಯಿ ನನ್ನದು. ನಾನು ಅವನ ಕಾಲ ಬಳಿ ನೆಲದ ಮೇಲೆ ಕೂತೆ. ಪಾದ ಗುಂಡಿಯ ಮೇಲೆ ನಿಂತಿತ್ತು. ಅಣ್ಣ ನನ್ನನ್ನೇ ನೋಡುತ್ತ, ನಾನು ಮಾತಾಡಲಿ ಎಂದು ಕಾಯುತ್ತಿದ್ದ.