ಚಂದ್ರವ್ವ ತವರಿಗೆ ಹೋದಳು

ಗುರುಶಾಂತಪ್ಪನವರು ಬೆಳಿಗ್ಗೆ ನಮ್ಮ ಚಾದರದ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಕೇಳುತ್ತಿದ್ದರು: "ಸಾವಕಾರ್ರ, ನಿನ್ನಿ ಮನ್ಯಾಗ ಏನ್ ಜಗಳಾತ್ರಿ?"

ಏನೂ ಆಗಿಲ್ಲವೆಂದರೆ ಅವರ ಮುಖ ಬಾಡುತ್ತಿತ್ತು. ಹಾಗೆಂದು ಕೆಟ್ಟ ಮನುಷ್ಯರಲ್ಲ. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಒಂದು ಕನ್ನಡ ಪತ್ರಿಕೆಯಲ್ಲಿ ದಿನಾ ಬರುತ್ತಿದ್ದ 'ಶಿದ್ದಪ್ಪನ ಸಂಸಾರ' ಎಂಬ ನಗೆಚಿತ್ರಮಾಲೆಯನ್ನು ನಾವಿಬ್ಬರು ಕೂಡಿ ಮಾಡುತ್ತಿದ್ದೆವು. ಚಿತ್ರ ಅವರದು, ಮಾತು ನನ್ನದು. ಗಂಡ ಶಿದ್ದಪ್ಪ, ಹೆಂಡತಿ ಚಂದ್ರವ್ವ. ಆಕೆಯ ಬಾಯಿಗೆ ಹೆದರಿ ಬೆಕ್ಕು ಕೂಡ ಹಾಲಿನ ಕಡೆ ನೋಡುತ್ತಿರಲಿಲ್ಲ. ಅಣ್ಣತಮ್ಮಂದಿರು ಕೂಡಿದ್ದ ನಮ್ಮ ಮನೆಯಲ್ಲಿ ಜಗಳಕ್ಕೇನೂ ಬರವಿರಲಿಲ್ಲ. ಗುರುಶಾಂತಪ್ಪನವರು ಮದುವೆಯಾದವರಲ್ಲ, ಅಂಗಡಿಗಳ ಬೋರ್ಡು ಬರೆಯುತ್ತ ಒಂದು ಖೋಲಿಯಲ್ಲಿ ಒಬ್ಬರೇ ಇದ್ದರು.

"ಸಂಜಿಗೆ ಕುಂತು ಚಂದ್ರವ್ವನ ಕಡಿಂದ ನಾಕು ಮಾತು ಬೈಸ್ಕೊಂಡ್ರನ ನನಗ ಊಟ ಸೇರ್ತದ" ಎನ್ನುತ್ತಿದ್ದರು. ನಾನು ಅದನ್ನು ಚೇಷ್ಟೆಯೆಂದುಕೊಂಡಿದ್ದೆ.

ಒಂದು ವರ್ಷ ನನ್ನ ತಮ್ಮನ ಹೆಂಡತಿ ಬಸುರಿಯಾದಳು. ಬೆನ್ನಿಗೇ ನಾವು ಚಂದ್ರವ್ವನನ್ನೂ ಬಸುರಿ ಮಾಡಿದೆವು. ಆಕೆಗೆ ಏಳನೇ ತಿಂಗಳು ಬಂದಾಗ, ನಾನು ಗುರುಶಾಂತಪ್ಪನವರ ಖೋಲಿಯಲ್ಲಿ ಕುಳಿತಿದ್ದ ಒಂದು ಮಧ್ಯಾಹ್ನ, ಕುರನೂರಿನ ಒಬ್ಬ ಮುದುಕಿ ಗಂಟು ಹೊತ್ತು ಬಾಗಿಲಿಗೆ ಬಂದಳು. ಪತ್ರಿಕೆಯ ಕಚೇರಿಯಲ್ಲಿ ಮನೆ ಕೇಳಿಕೊಂಡು ಬಂದಿದ್ದಳು. ಗಂಟಿನಲ್ಲಿ ಹಸಿರು ಸೀರೆ, ಹಸಿರು ಬಳೆ, ಶೇಂಗಾ ಹೋಳಿಗೆ. ಸೊಸೆ ದಿನಾ ಓದಿ ಹೇಳುತ್ತಿದ್ದ ಚಂದ್ರವ್ವನಿಗೆ ಸೀಮಂತದ ಕುಬಸ ಮಾಡಲೆಂದು ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಬಂದವಳು ಆಕೆ. ಚಿತ್ರ ಬರೆಯುವವರು ತಮ್ಮ ಹೆಂಡತಿಯನ್ನೇ ನೋಡಿ ಬರೆಯುತ್ತಾರೆಂದು ಆಕೆ ತಿಳಿದಿದ್ದಳು.

"ಎಲ್ಲಿದ್ದಾಳೋ ಚಂದ್ರವ್ವ?"

ನನಗೆ ನಗು ತಡೆಯಲಾಗಲಿಲ್ಲ. ಗುರುಶಾಂತಪ್ಪನವರು ನಗಲಿಲ್ಲ. "ತವರಿಗೆ ಹೋಗ್ಯಾಳ್ರಿ ಅವ್ವಾ, ಮಂಗಳವೇಢಕ್ಕ" ಎಂದರು.

"ಇಂಥಾ ದಿನದಾಗ ಒಬ್ಬಾಕೀನ ಬಸ್ಸಿನ್ಯಾಗ ಕಳಿಸೀದಿ? ನಿನಗ ಬುದ್ಧಿ ಐತೇನೋ ತಮ್ಮಾ?"

ಅವರು ತಲೆ ತಗ್ಗಿಸಿ ಬೈಸಿಕೊಂಡರು. ಮುದುಕಿ ಆ ಮನೆಯಲ್ಲಿದ್ದ ಒಂದೇ ತಾಟಿಗೆ ಹೋಳಿಗೆ ಹಾಕಿ, ಅವರು ಉಣ್ಣುವ ತನಕ ಎದುರಿಗೆ ಕುಳಿತಳು. "ಆಕಿ ಬಂದ ಮ್ಯಾಲ ಈ ಸೀರಿ ಉಡಸು" ಎಂದು ಹೇಳಿ ಬಸ್ಸಿಗೆ ಹೋದಳು.

ಆ ಮುದುಕಿಗೆ ಹೇಳಿದ್ದು ಸುಳ್ಳಾಗಬಾರದೆಂದು ಪತ್ರಿಕೆಯಲ್ಲಿಯೂ ಚಂದ್ರವ್ವ ತವರಿಗೆ ಹೋದಳು. ಶಿದ್ದಪ್ಪ ಒಬ್ಬನೇ ಉಂಡ, ಒಬ್ಬನೇ ತಾಟು ತೊಳೆದ, ಬಾಗಿಲಲ್ಲಿ ಕುಳಿತ. ವಾರಗಳು ಕಳೆದರೂ ಆಕೆ ತಿರುಗಿ ಬರಲಿಲ್ಲ. ನನಗೆ ಬರೆಯಲು ಮಾತೇ ಉಳಿಯಲಿಲ್ಲ. ಆಕೆಯನ್ನು ಕರೆಸಿರಿ, ಇಲ್ಲವಾದರೆ ನಿಲ್ಲಿಸಿರಿ ಎಂದು ಸಂಪಾದಕರು ಹೇಳಿ ಕಳಿಸಿದರು. ನಾನೂ ಗೋಗರೆದೆ.

"ಆಕಿ ಚಿತ್ರ ತಗೀಲಿಕ್ಕೆ ಕುಂತ್ರ ಕೈ ಏಳವಲ್ದ್ರಿ" ಎಂದರು ಗುರುಶಾಂತಪ್ಪನವರು. "ಇಷ್ಟು ವರ್ಷ ಆಕಿ ಮನ್ಯಾಗ ಇದ್ದಂಗನ ಇತ್ತು. ಆ ಅವ್ವ ಬಂದು ಎಲ್ಲಿದ್ದಾಳ ಅಂತ ಕೇಳಿದ್ಲಲ್ಲ, ಅವತ್ತ ತಿರುಗಿ ನೋಡಿದ್ನಿ. ಯಾರೂ ಇದ್ದಿದ್ದಿಲ್ಲ."

ನಾನು ಚಹಾ ತರಿಸಿದೆ, ಅವರು ಅರ್ಧಕ್ಕೇ ಬಿಟ್ಟು ಎದ್ದರು.

ಚಿತ್ರಮಾಲೆ ನಿಂತ ವಾರ ಅವರು ಮತ್ತೊಮ್ಮೆ ಅಂಗಡಿಗೆ ಬಂದರು. ಮೆಟ್ಟಿಲಲ್ಲಿ ಏನೂ ಕೇಳಲಿಲ್ಲ. ಹಸಿರು ಸೀರೆಯನ್ನು ಗಾದಿಯ ಮೇಲಿಟ್ಟು, "ನಿಮ್ಮ ತಮ್ಮನ ಹೆಂಡತಿಗೆ ಕೊಡ್ರಿ. ಚಂದ್ರವ್ವನ ಹೊಟ್ಟಿ ಆಕೀದು, ಬಾಯಿ ನಿಮ್ಮ ಮನಿಯವರದು. ನಂದೇನಿತ್ತು, ಗೆರಿ ಅಷ್ಟ" ಎಂದು ನಕ್ಕರು. ಅದೇ ಕೊನೆಯ ಭೇಟಿ. ಅಕ್ಕಲಕೋಟೆಗೆ ಹೋಗಿ ಬೋರ್ಡು ಬರೆಯುತ್ತಿದ್ದಾರೆಂದು ಯಾರೋ ಅಂದರು. ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾಗಿ ಎಷ್ಟೋ ದಿನಗಳಾದ ಮೇಲೆ. ಬಹಳ ಸಂಕಟವಾಯಿತು.

ಈಗಲೂ ನಮ್ಮ ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತೇನೆ. ಒಳ್ಳೆಯದೊಂದು ಮಾತು ಬಿದ್ದರೆ ಮರೆಯದಂತೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಕುಳಿತಾಗ ಅದನ್ನು ಕೇಳಲು ಯಾರೂ ಬರುವುದಿಲ್ಲ.