ಎರಡೂಕಾಲು

ತಾರಸಿಗೆ ಹಲಗೆ, ಕಂಬ ಕಟ್ಟುವ ಸೆಂಟ್ರಿಂಗ್ ಕೆಲಸದವರು ಅವಳನ್ನು ಕರೆಯುತ್ತಿದ್ದುದೇ ‘ಮೂರು-ನಾಲ್ಕೈದು’ ಎಂದು. ಗೋಡೆಯ ಮೂಲೆ ಲಂಬಕೋನದಲ್ಲಿದೆಯೇ ಎಂದು ನೋಡಲು ಒಂದು ಬದಿಗೆ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ ಗುರುತು ಹಾಕಿ, ಓರೆಯಾಗಿ ದಾರ ಎಳೆಯುವಳು. ಅದು ಐದಡಿ ಬರದಿದ್ದರೆ ಮೇಸ್ತ್ರಿಯ ಬೆವರಿಳಿಸುವಳು. ಶಾಲೆಗೆ ಹೋದದ್ದು ನಾಲ್ಕೇ ವರ್ಷ. ಉಳಿದ ಗಣಿತವನ್ನು ಹಲಗೆಗಳೇ ಕಲಿಸಿದ್ದವು: ಆಸರೆಗಳ ನಡುವಿನ ದೂರ ಎರಡು ಪಟ್ಟಾದರೆ ಹಲಗೆಯನ್ನು ಬಾಗಿಸುವ ಬಲ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು.

ಅಂದು ತಾರಸಿಗೆ ಕಾಂಕ್ರೀಟ್ ಸುರಿಯುತ್ತಿದ್ದರು. ಮಿಕ್ಸರ್ ಗಡಗಡ ಎನ್ನುತ್ತಿತ್ತು. ಕೆಳಗೆ ಒಂದು ತೊಲೆಯ ಅಡಿಹಲಗೆ ಜಗ್ಗುತ್ತಿರುವುದು ಮೇಲೆ ಅಂಚಿನಲ್ಲಿದ್ದ ಅವಳ ಕಣ್ಣಿಗೆ ಬಿತ್ತು. ಅದರ ಕಂಬಗಳು ನಾಲ್ಕೂವರೆ ಅಡಿಗೊಂದರಂತೆ ನಿಂತಿದ್ದವು. ಕೆಳಗಿದ್ದವನು ಅವಳ ಮೈದುನನೊಬ್ಬನೇ. ಬಸ್ ಓಡಿಸಿ ನಿವೃತ್ತನಾದವನು, ಈ ಕೆಲಸಕ್ಕೆ ಬಂದು ಮೂರು ದಿನ. ಅವಳು ಅಂಚಿನಿಂದ ಬಗ್ಗಿ ಕೂಗಿದಳು:

“ಅಲ್ಲಿ ಎರಡೂಕಾಲು ಬಿಡು! ನಡುವೆ ಇನ್ನೊಂದು ಕೊಡು!”

ಎರಡನೆಯ ಮಾತನ್ನು ಮಿಕ್ಸರ್ ನುಂಗಿತು. ಕಂಬಕ್ಕೆ ಕಾಲು ಎನ್ನುವುದು ಅವರ ರೂಢಿ. ಎರಡೂಕಾಲು ಅಡಿ ಜಾಗ ಬಿಡು ಎಂದು ಅವಳು ಹೇಳಿದ್ದು; ಎರಡೂ ಕಾಲು ಬಿಡಿಸು ಎಂದು ಅವನು ಕೇಳಿಸಿಕೊಂಡದ್ದು. ಸುತ್ತಿಗೆ ಎತ್ತಿದ.

ಮೊದಲ ಪೆಟ್ಟು ಅವಳ ಅಂಗಾಲಿಗೇ ತಿಳಿಯಿತು: ಕಂಬ ಕಳಚುತ್ತಿದ್ದಾನೆ. “ಬಿಡೋ, ಬಿಡು!” ಎಂದು ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದಳು. ಆ ಮಾತೇ ಈಗ ಕೊಲ್ಲುವ ಮಾತು. ಮಿಕ್ಸರ್ ನಿಲ್ಲಿಸಲು, ಮೇಲಿದ್ದವರು ಪಕ್ಕಕ್ಕೆ ಸರಿಯಲು ಕೈಸನ್ನೆ ಮಾಡಿ ಮೆಟ್ಟಿಲಿಗೆ ಓಡಿದಳು. ಒಂದು ಕಂಬ ಹೋಯಿತು: ನಡುವೆ ಒಂಬತ್ತಡಿ, ಬಲ ನಾಲ್ಕು ಪಟ್ಟು. ಇನ್ನೊಂದೂ ಹೋದರೆ ಹದಿಮೂರೂವರೆ, ಒಂಬತ್ತು ಪಟ್ಟು. ನಾಲ್ಕಕ್ಕೆ ಹಲಗೆ ನರಳುತ್ತದೆ. ಒಂಬತ್ತಕ್ಕೆ ನರಳಲೂ ಪುರುಸೊತ್ತು ಕೊಡುವುದಿಲ್ಲ.

ಅವಳು ಕೆಳಗಿಳಿದಾಗ ಹಲಗೆ ನರಳುತ್ತಿತ್ತು. ಮೊದಲ ಕಂಬ ನೆಲದ ಮೇಲಿತ್ತು. ಎರಡನೆಯದರ ಬೆಣೆ ಅರ್ಧ ಹೊರಬಂದಿತ್ತು.

“ಹಿಡಿ! ಆ ಕಂಬ ತಬ್ಕೊಂಡು ಹಿಡಿ!”

ಅವನು ಸುತ್ತಿಗೆ ಬಿಸಾಡಿ ಕಂಬವನ್ನು ಅವಚಿಕೊಂಡ. ಸಿಮೆಂಟಿನ ನೀರು ಅವನ ಬೋಳುತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ನಾಲ್ಕೇ ಪೆಟ್ಟಿಗೆ ಬೆಣೆಯನ್ನು ಒಳಗೆ ಹೊಡೆದಳು. ಬಿದ್ದ ಕಂಬವನ್ನು ಇಬ್ಬರೂ ಎತ್ತಿ ನಿಲ್ಲಿಸಿ ಬಿಗಿದ ಮೇಲೆ ಸದ್ದು ನಿಂತಿತು.

“ಅತ್ತಿಗೆ, ನೀವೇ ಅಲ್ವಾ ಎರಡೂ ಕಾಲು ಬಿಡು ಅಂದಿದ್ದು?”

“ಅದು ಅಳತೆ ಕಣೋ, ಪುಣ್ಯಾತ್ಮ! ತಲೆ ಮೇಲೇ ತಾರಸಿ ಇಳಿಸ್ಕೋತಿದ್ದೆಯಲ್ಲೋ!”

“ಕಂಡಕ್ಟರು ಬಿಡು ಅಂದ್ರೆ ಬಸ್ ಬಿಟ್ಟೇ ಅಭ್ಯಾಸ,” ಎಂದ.

ಅವಳಿಗೆ ನಗು ಬರಲಿಲ್ಲ. ಅಳತೆ ತಪ್ಪಿರಲಿಲ್ಲ, ಅದನ್ನು ಹೇಳಿದ ಬಾಯಿ ತಪ್ಪಿತ್ತು.

“ಅಕ್ಕಾ, ಸುರಿಯೋದಾ?” ಮೇಲಿನಿಂದ ಕೂಗಿದರು.

“ನಿಲ್ರೋ!” ಕಂಬದಿಂದ ಟೇಪು ಎಳೆದು ಎರಡೂಕಾಲು ಅಡಿಗೆ ಹಲಗೆಯ ಮೇಲೆ ಗೀಟು ಹಾಕಿದಳು. “ಇಪ್ಪತ್ತೇಳಿಂಚು. ಏನಂದೆ, ಹೇಳು?”

“ಇಪ್ಪತ್ತೇಳಿಂಚು.”

“ಇನ್ನೊಂದ್ಸಲ.”

“ಇಪ್ಪತ್ತೇಳಿಂಚು, ಅತ್ತಿಗೆ.”

ಆಮೇಲೆಯೇ ಹೊಸ ಕಂಬವನ್ನು ಅವನ ಕೈಗೆ ಕೊಟ್ಟಳು.